ಗಡಿಯಾರದ ಗಾಜನ್ನು ನೂಕಿದ ಕೈ

ಗಾಜಿನ ಕಾರ್ಖಾನೆಯ ಯಜಮಾನರ ಅರ್ಧ ಮುಖಕ್ಕೆ ನೊರೆ ಹಚ್ಚಿ ಆಗಿತ್ತು. ಇನ್ನರ್ಧ ಬಾಕಿ ಇರುವಾಗಲೇ ಅವರು ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟರು.

ಕ್ಷೌರದ ತಮ್ಮ, ಬ್ರಷ್ ಹಿಡಿದ ತನ್ನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಅವನ ಕಟಿಂಗ್ ಶಾಪಿನಲ್ಲಿ ಮಕ್ಕಳು ಅಳುವುದು ಮಾಮೂಲು. ಬೀದಿಯಲ್ಲೆಲ್ಲ ಗತ್ತಿನಿಂದ ಓಡಾಡುವ ಹಿರಿಯರು ಅತ್ತದ್ದು ಇದೇ ಮೊದಲು.

"ಯಜಮಾನ್ರೇ, ಬ್ಲೇಡು ಇನ್ನೂ ಹತ್ರಕ್ಕೇ ತಂದಿಲ್ಲ. ಈಗಲೇ ಅತ್ರೆ ಹೇಗೆ?"

"ತಮಾಷೆ ಬೇಡಪ್ಪಾ. ನಮ್ಮನೆ ಒಡೀತಾ ಇದೆ."

ತಮ್ಮ ಎಂದರೆ ಆ ಬೀದಿಗೆಲ್ಲ ತಮ್ಮನೇ. ಅದಕ್ಕೆ ಕಾರಣ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಅವನ ಅಕ್ಕ. ವಿಮಾ ಕಂಪನಿಯಲ್ಲಿ ನಷ್ಟ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತಳಾದವಳು. ಸುಟ್ಟ ಗೋದಾಮು, ನಜ್ಜುಗುಜ್ಜಾದ ಲಾರಿ, ಚೂರಾದ ಪಿಂಗಾಣಿ, ಇವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು 'ಇದು ತಾನಾಗಿ ಆದದ್ದೋ, ಯಾರಾದರೂ ಮಾಡಿದ್ದೋ' ಎಂದು ಹೇಳುವುದೇ ಅವಳ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಬೀದಿಯ ಜನ ಕಷ್ಟ ಹೇಳಿಕೊಳ್ಳಲು ತಮ್ಮನ ಕುರ್ಚಿಗೆ ಬರುತ್ತಿದ್ದರು, ಅಕ್ಕ ಪರದೆಯ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. ಪರದೆ ಇದ್ದದ್ದು ಮರ್ಯಾದೆಗೆ ಮಾತ್ರ.

"ಜೋರಾಗಿ ಹೇಳಿ ಯಜಮಾನ್ರೇ, ಇಲ್ಲಿ ಯಾರಿಗೂ ಕೇಳಿಸಲ್ಲ," ಎಂದ ತಮ್ಮ.

ಯಜಮಾನರು ಹೇಳಿದರು. ಅವರ ಗಾಜಿನ ಕಾರ್ಖಾನೆ ಮನೆಯ ಕೆಳಗೇ ಇತ್ತು. ಹಿರಿಮಗ ವ್ಯವಹಾರ ನೋಡಿಕೊಳ್ಳುತ್ತಿದ್ದ. ಕಿರಿಮಗ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ, ಅಂದರೆ ಕಿರಿಸೊಸೆ, ಗಾಜಿನ ಮೇಲೆ ಕೆತ್ತನೆ ಮಾಡುವವಳು. ರೈಲು ನಿಲ್ದಾಣದ ದೊಡ್ಡ ಗಡಿಯಾರಕ್ಕೆ ಹೊಸ ಮುಖಗಾಜು ಬೇಕಾಗಿತ್ತು. ಅಂಕಿ, ಬಳ್ಳಿ, ಹಕ್ಕಿ ಎಲ್ಲವನ್ನೂ ಆಕೆ ಕೈಯಲ್ಲೇ ಕೆತ್ತಿ ಮುಗಿಸಿದ್ದಳು. ನಿನ್ನೆ ಸಂಜೆ ಮಗಳ ಶಾಲೆಯಿಂದ ಬಂದು ಕೆತ್ತನೆ ಕೋಣೆಯ ಬೀಗ ತೆಗೆದರೆ ಗಾಜು ನೆಲದ ಮೇಲೆ ಚೂರುಚೂರು.

"ಆ ಬೀಗದ ಕೈ ಇರೋದು ಒಂದೇ, ಅದೂ ಅವಳ ಹತ್ರ. ಮೊನ್ನೆ ದೊಡ್ಡೋನಿಗೂ ಅವಳಿಗೂ ಜಗಳ ಆಗಿತ್ತು. ಗಾಜಿನ ಮೂಲೇಲಿ ತನ್ನ ಹೆಸರು ಕೆತ್ತಬೇಕು ಅಂತ ಅವಳು, ಕಾರ್ಖಾನೆ ಹೆಸರು ಸಾಕು ಅಂತ ಇವನು. 'ಹಾಗಾದ್ರೆ ನೀವೇ ಕೆತ್ಕೊಳ್ಳಿ ಬಾವ' ಅಂದುಬಿಟ್ಟಳು. ಈಗ ಇವನು, ಸಿಟ್ಟಿಗೆ ಅವಳೇ ಒಡೆದುಹಾಕಿದಾಳೆ, ಕೀ ಕಸ್ಕೊಂಡು ಕೆಲಸದಿಂದ ಬಿಡಿಸು ಅಂತ ಕೂತಿದಾನೆ. ಸಂಜೆ ರೈಲ್ವೆಯೋರು ಬರ್ತಾರೆ. ಅಷ್ಟರಲ್ಲಿ ನಾನು ಏನಾದ್ರೂ ತೀರ್ಮಾನ ಹೇಳ್ಬೇಕು."

"ನಿಮಗೇನನ್ನಿಸುತ್ತೆ?"

"ಉಳಿ ಹಿಡಿದ್ರೆ ಊಟ ಮರೆಯೋ ಹುಡುಗಿ ಕಣೋ ಅವಳು. ತನ್ನ ಕೈಯಾರೆ ಒಡೀತಾಳಾ? ಆದ್ರೆ ಬೀಗ ಹಾಕಿದ ಕೋಣೆಗೆ ಬೇರೆ ಯಾರು ಹೋಗೋಕೆ ಸಾಧ್ಯ ಹೇಳು."

ತಮ್ಮ ಕ್ಷೌರ ಮುಗಿಸಿದ. ಒದ್ದೆ ಟವೆಲಿನಿಂದ ಕಿವಿಯ ಹಿಂದೆ ಒರೆಸಿದಾಗ ಟವೆಲಿಗೆ ಇಟ್ಟಿಗೆ ಬಣ್ಣ ಹತ್ತಿತು. ಮುದುಕರು ಕೂದಲಿಗೆ ಗುಟ್ಟಾಗಿ ಬಣ್ಣ ಹಾಕಿಕೊಳ್ಳಲು ಶುರು ಮಾಡಿದ್ದಾರೆ ಎಂದುಕೊಂಡು ಟವೆಲ್ ನೋಡಿ ಮುಸಿಮುಸಿ ನಕ್ಕ. ಗಿರಾಕಿಯ ಬಣ್ಣದ ಬಗ್ಗೆ ಬಾಯಿ ಬಿಡಬಾರದೆಂಬುದು ಅವನ ವೃತ್ತಿಧರ್ಮ.

ಪರದೆ ಸರಿಯಿತು. ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಚೂರುಗಳನ್ನ ಗುಡಿಸಿಬಿಟ್ರಾ?" ಎಂದು ಕೇಳಿದಳು.

"ಇಲ್ಲಮ್ಮಾ, ಹಾಗೇ ಇವೆ. ಅವಳು ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ."

"ಒಡೆದೋರು ಮೊದಲು ಪೊರಕೆ ಹುಡುಕ್ತಾರೆ," ಎಂದಳು ಅಕ್ಕ. "ತಮ್ಮಾ, ಅಂಗಡಿ ಮುಚ್ಚು."

ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಹಜಾರ. ನಡುವೆ ಅಡ್ಡಗೋಡೆಯ ಬದಲು ಮರದ ಚೌಕಟ್ಟಿಗೆ ಟಾರ್ಪಾಲಿನ್ ಬಿಗಿದಿದ್ದರು. ಈಚೆ ಪಾಲಿಶ್ ಮೆಷಿನ್ನು, ಆಚೆ ಕೆತ್ತನೆ ಕೋಣೆ. ಎರಡು ವರ್ಷದ ಹಿಂದೆ ಸೊಸೆಗಾಗಿ ಯಜಮಾನರೇ ಕಟ್ಟಿಸಿದ್ದು. ಪಾಲಿಶ್ ಮಾಡುವ ಕೆಂಪು ಪುಡಿ ಅವಳ ಕೆಲಸದ ಮೇಲೆ ಹಾರಬಾರದೆಂದು.

ಹಿರಿಮಗ ಬಾಗಿಲಲ್ಲೇ ಎದುರಾದ. "ಬನ್ನಿ ಅಕ್ಕಾ, ನೀವೇ ನೋಡಿ. ಟಾರ್ಪಾಲಿನ್ ಸುತ್ತ ಮೊಳೆ ಹೊಡೆದಿದೆ, ಎಲ್ಲೂ ಹರಿದಿಲ್ಲ. ಕಿಟಕಿಗೆ ಸರಳಿದೆ. ಇನ್ನೇನು, ದೆವ್ವ ಬಂದು ಒಡೀತಾ?"

"ದೆವ್ವಕ್ಕೆ ವಿಮೆ ಮಾಡ್ಸಿರ್ತಿದ್ರೆ ನಮ್ಮ ಕಂಪನಿ ಎಂದೋ ಮುಚ್ಚಿಹೋಗ್ತಿತ್ತು," ಎಂದು ಅಕ್ಕ ಒಳಗೆ ನಡೆದಳು.

ಕೆತ್ತನೆ ಕೋಣೆಯಲ್ಲಿ ಸೊಸೆ ಸ್ಟೂಲಿನ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ಮುಷ್ಟಿಯಲ್ಲಿ ಬೀಗದ ಕೈ. "ನೋಡಿ ಅಕ್ಕಾ, ನಾನು ಜಗಳಗಂಟಿ ಅಂತ ಬೇಕಾದ್ರೆ ಒಪ್ಕೋತೀನಿ. ಆದ್ರೆ ಆ ಹಕ್ಕಿಗಳನ್ನ ಕೆತ್ತಿದ ಕೈಯಿಂದಲೇ ಒಡೆದೆ ಅಂತ ಮಾತ್ರ ಒಪ್ಪಲ್ಲ. ಈ ಕೋಣೆ ಹೋದ್ರೆ ನನಗೆ ಈ ಮನೇಲಿ ಅಡುಗೆಮನೆ ಬಿಟ್ಟು ಬೇರೆ ಜಾಗ ಇಲ್ಲ."

ಅಕ್ಕ ನೇರ ಚೂರುಗಳ ಹತ್ತಿರ ಹೋದಳು. ಕುಕ್ಕರುಗಾಲಲ್ಲಿ ಕೂತಳು. ಚೂರುಗಳು ಟಾರ್ಪಾಲಿನ್ನಿನಿಂದ ದೂರಕ್ಕೆ, ಕೋಣೆಯ ನಡುವಿನತ್ತ ಚೆಲ್ಲಿದ್ದವು. ಒಂದೊಂದನ್ನೂ ಮಗುಚಿದಳು, ಕೆತ್ತಿದ ಮುಖವೆಲ್ಲ ನೆಲಕ್ಕೆ ಅಂಟಿಕೊಂಡಿತ್ತು. ಗಾಜನ್ನು ನಿಲ್ಲಿಸಿದ್ದ ಮರದ ಸ್ಟ್ಯಾಂಡು ಟಾರ್ಪಾಲಿನ್ನಿಗೆ ತಾಗಿದಂತೆಯೇ ಇತ್ತು.

"ಬಾ ತಮ್ಮಾ, ಈ ಸ್ಟ್ಯಾಂಡಿನ ಹಿಂದೆ ಹೋಗಿ ನಿಲ್ಲು."

"ನಾನಾ? ಇಲ್ಲಿ ಬೆಕ್ಕು ತೂರೋಕೂ ಜಾಗ ಇಲ್ಲ."

"ನಿನ್ನ ಹೊಟ್ಟೆಗೆ ಜಾಗ ಇಲ್ದಿರೋದು ದೊಡ್ಡ ಮಾತಲ್ಲ. ಕೈ ತೂರಿಸು ನೋಡೋಣ."

ಕೈಯೂ ತೂರಲಿಲ್ಲ. ಅಕ್ಕ ತಲೆದೂಗಿ ಈಚೆ ಬಂದಳು.

ಪಾಲಿಶ್ ಮೆಷಿನ್ನಿನ ಹತ್ತಿರ ಅದರ ಕೆಲಸಗಾರ ನಿಂತಿದ್ದ. ಎಲ್ಲರೂ ಪಾಲಿಶ್ ಅಣ್ಣ ಎನ್ನುತ್ತಿದ್ದರು. ಕೆನ್ನೆ ಬನ್ನಿನ ಹಾಗೆ ಊದಿತ್ತು. ನಿನ್ನೆ ಬೆಳಿಗ್ಗೆಯೇ ಕೆಲಸ ಬಿಟ್ಟು ಹಲ್ಲು ಕೀಳಿಸಲು ಹೋಗಿದ್ದವನು ಇವತ್ತು ಬಂದಿದ್ದ. ಮೆಷಿನ್ನಿನ ಮೇಜಿನ ಮೇಲೆ ಒಂದು ಅಗಲವಾದ ಟೇಬಲ್ ಗಾಜು ಮಲಗಿತ್ತು.

"ಇದು ಹೇಗೆ ಓಡುತ್ತೆ ಹೇಳಣ್ಣ, ಈ ಕಟಿಂಗ್ ಶಾಪಿನವನಿಗೂ ಅರ್ಥ ಆಗೋ ಹಾಗೆ," ಎಂದಳು ಅಕ್ಕ.

ಪಾಲಿಶ್ ಅಣ್ಣ ಅರ್ಧ ಬಾಯಿಯಲ್ಲಿ ವಿವರಿಸಿದ. ಮೋಟರು ಒಂದು ಕಬ್ಬಿಣದ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಮೈಯಲ್ಲಿ ನಡುವಿನಿಂದ ಅಂಚಿನವರೆಗೆ ಒಂದು ಸೀಳು. ಸೀಳಿನಲ್ಲಿ ಒಂದು ಪಿನ್ನು, ಅದಕ್ಕೆ ನಟ್ಟು. ಪಿನ್ನಿಗೆ ಸಿಕ್ಕಿಸಿದ ಸರಳು ಮೇಲಿನ ಉದ್ದನೆಯ ತೋಳನ್ನು ಎಳೆಯುತ್ತದೆ, ನೂಕುತ್ತದೆ. ಚಕ್ರ ಸುತ್ತುತ್ತಲೇ ಇರುತ್ತದೆ, ತೋಳು ಮಾತ್ರ ಹೋಗಿ ಬಂದು ಮಾಡುತ್ತದೆ. ತೋಳಿನ ಮೂತಿಗೆ ಕಟ್ಟಿದ ದಪ್ಪ ಉಣ್ಣೆಯ ಮೆತ್ತೆ ಕೆಂಪು ಪುಡಿಯ ನೀರಿನಲ್ಲಿ ಗಾಜನ್ನು ಉಜ್ಜುತ್ತದೆ.

"ಪಿನ್ನನ್ನ ನಡುವಿಗೆ ತಂದ್ರೆ ಓಟ ಚಿಕ್ಕದು. ಅಂಚಿಗೆ ಸರಿಸಿದ್ರೆ ಉದ್ದ. ಸರಿಯಾಗಿ ನಡುಮಧ್ಯಕ್ಕೇ ಬಂತು ಅನ್ನಿ, ಚಕ್ರ ಎಷ್ಟು ಸುತ್ತಿದ್ರೂ ತೋಳು ಅಲ್ಲಾಡಲ್ಲ."

"ನನ್ನ ಭಾವಮೈದುನನ ಹಾಗೆ," ಎಂದ ತಮ್ಮ. "ಸುತ್ತಲೂ ಮನೆ ಎಲ್ಲ ತಿರುಗ್ತಿರುತ್ತೆ, ಅವನು ಮಾತ್ರ ಅಲ್ಲಾಡಲ್ಲ."

"ನಿಮ್ಮ ಓಟ ಎಷ್ಟಿರುತ್ತೆ?" ಅಕ್ಕ ಕೇಳಿದಳು.

"ಯಾವಾಗ್ಲೂ ಚಿಕ್ಕದೇ. ಈ ಟೇಬಲ್ ಗಾಜಿನಂಥದ್ದು ಬಂದ್ರೆ ಅರ್ಧ ಉಜ್ಜಿ, ತಿರುಗಿಸಿ ಇಟ್ಟು, ಇನ್ನರ್ಧ ಉಜ್ತೀನಿ. ನಡುವೆ ಒಂದು ಮಸುಕು ಗೆರೆ ಬೀಳುತ್ತೆ. ಅದನ್ನ ಕೈಯಲ್ಲೇ ತಿಕ್ಕಿ ತೆಗೀಬೇಕು, ಪೀಡೆ."

"ನಿನ್ನೆ ಯಾರಾದ್ರೂ ಮೆಷಿನ್ ಓಡಿಸಿದ್ರಾ?"

"ಯಾರು ಓಡಿಸ್ತಾರೆ?" ಎಂದ ಹಿರಿಮಗ. "ಇವನು ರಜ. ನನಗೆ ಸ್ವಿಚ್ಚು ಬಿಟ್ಟು ಬೇರೇನೂ ಗೊತ್ತಿಲ್ಲ, ಅಲ್ದೆ ಮಧ್ಯಾಹ್ನವೆಲ್ಲ ರೈಲ್ವೆ ಆಫೀಸಿನಲ್ಲಿದ್ದೆ. ಅಪ್ಪನಿಗೆ ಡಾಕ್ಟ್ರು ಬೇಡ ಅಂದಿದಾರೆ."

"ಹೃದಯ," ಎಂದು ಯಜಮಾನರು ಎದೆ ಮುಟ್ಟಿಕೊಂಡರು. "ಆ ಟಾರ್ಪಾಲಿನ್ ಕಟ್ಟೋಕ್ಕಿಂತ ಮುಂಚೇನೇ ಬಿಟ್ಟೆ. ಈ ಸೊಸೆ ಮಹರಾಯ್ತಿ ನನ್ನನ್ನ ಮೆಷಿನ್ ಹತ್ರ ನೋಡಿದ್ರೆ ಮನೆ ಹಾರಿಹೋಗೋ ಹಾಗೆ ಕೂಗ್ತಾಳೆ. ನಿನ್ನೆ ಮೇಲೆ ಮಲಗಿದ್ದೆ."

ಹಿರಿಮಗ ಮೆಷಿನ್ನಿನ ಚಕ್ರವನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ತೋರಿಸಿದ. ತೋಳು ಮುಂದೆ ಹೋಯಿತು, ಹಿಂದೆ ಬಂತು. ಅದರ ಬಾಲ, ಅಂದರೆ ಹಿಂದಿನ ತುದಿ, ಟಾರ್ಪಾಲಿನ್ನಿಗೆ ಒಂದು ಗೇಣು ದೂರದಲ್ಲೇ ನಿಂತಿತು. "ಮೆಷಿನ್ ಬಗ್ಗೆ ಯಾಕೆ ತಲೆ ಕೆಡಿಸ್ಕೊಂಡಿದೀರಿ? ಅದು ಗೋಡೆ ಮುಟ್ಟೋದೇ ಇಲ್ಲ."

ಅಕ್ಕ ಉಣ್ಣೆಯ ಮೆತ್ತೆಯನ್ನು ಬೆರಳಿನಿಂದ ಹಿಂಡಿದಳು. ಒಳಗೆ ಇನ್ನೂ ತೇವವಿತ್ತು. ಚಕ್ರದ ಸೀಳಿನ ಮೇಲೆ ಕನ್ನಡಕ ತಗ್ಗಿಸಿ ನೋಡಿದಳು. ಟಾರ್ಪಾಲಿನ್ನಿನ ಮುಂದೆ ಬಗ್ಗಿ, ಕೆಂಪು ಚುಕ್ಕಿಗಳ ನಡುವೆ ಏನನ್ನೋ ಮೂಸಿದಳು. ಕೊನೆಗೆ ಟಾರ್ಚನ್ನು ಟೇಬಲ್ ಗಾಜಿನ ಅಂಚಿನಿಂದ ಓರೆಯಾಗಿ ಬಿಟ್ಟಳು.

"ತಮ್ಮಾ, ಇದರಲ್ಲಿ ನಿನ್ನ ಮುಖ ನೋಡ್ಕೊಂಡು ಈ ಕಡೆಯಿಂದ ಆ ಕಡೆ ನಡಿ. ಎಲ್ಲಾದ್ರೂ ಮುಖ ಮುರೀತಾ?"

"ಇಲ್ಲ. ಮೊದಲಿಂದ ಕೊನೇವರೆಗೂ ಸುಂದರವಾಗೇ ಇದೀನಿ."

"ಅದೇ ತೊಂದರೆ," ಎಂದಳು ಅಕ್ಕ. "ಈಗ ಹೇಳು. ಬೆಳಿಗ್ಗೆ ಟವೆಲ್ ನೋಡಿಕೊಂಡು ನಕ್ಕೆಯಲ್ಲ, ಏನದು?"

ತಮ್ಮನಿಗೆ ವೃತ್ತಿಧರ್ಮ ಒಂದು ಕಡೆ, ಅಕ್ಕ ಒಂದು ಕಡೆ. ಅಕ್ಕನ ಮುಂದೆ ವೃತ್ತಿಧರ್ಮ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೂಲೆಗೆ ಕರೆದು ಪಿಸುಗುಟ್ಟಿದ. ಅಕ್ಕ ಹಣೆ ಚಚ್ಚಿಕೊಂಡಳು. "ಕೂದಲಿನ ಬಣ್ಣವಂತೆ! ಆ ತಲೆಯಲ್ಲಿ ಬಣ್ಣ ಹಾಕೋಕೆ ಕೂದಲೆಲ್ಲಿದೆಯೋ?"

ಮಧ್ಯಾಹ್ನದ ಊಟವಾದ ಮೇಲೆ ಅಕ್ಕ ಎಲ್ಲರನ್ನೂ ಮೆಷಿನ್ನಿನ ಸುತ್ತ ನಿಲ್ಲಿಸಿದಳು. ಆಚೆ ಕೋಣೆಯ ಸ್ಟ್ಯಾಂಡಿನ ಮೇಲೆ ಒಡೆದ ಗಾಜಿದ್ದ ಜಾಗದಲ್ಲೇ ಒಂದು ಹಳೆಯ ಹಲಗೆ ನಿಲ್ಲಿಸಿದ್ದಳು. ಕೋಣೆಗೆ ಬೀಗ ಹಾಕಿಸಿ ಬೀಗದ ಕೈಯನ್ನು ಸೊಸೆಯ ಕೈಗೇ ಕೊಟ್ಟಿದ್ದಳು.

"ಮೊದಲು ಗಾಜಿನ ಮಾತು," ಎಂದು ಶುರು ಮಾಡಿದಳು. "ಸಿಟ್ಟು ಬಂದೋರು ಗಾಜನ್ನ ಎದುರಿಂದ ಹೊಡೀತಾರೆ. ಆಗ ಪೆಟ್ಟು ಬಿದ್ದ ಕಡೆಯಿಂದ ನಕ್ಷತ್ರದ ಹಾಗೆ ಬಿರುಕು ಹರಡುತ್ತೆ, ಚೂರು ಅಲ್ಲೇ ಸ್ಟ್ಯಾಂಡಿನ ಬುಡದಲ್ಲಿ ಸುರಿಯುತ್ತೆ. ಇಲ್ಲಿ ನಕ್ಷತ್ರ ಇಲ್ಲ. ಗಾಜು ಮುಖ ಅಡಿಯಾಗಿ, ಮುಂದಕ್ಕೆ ಬಿದ್ದಿದೆ. ಯಾರೋ ಬೆನ್ನಿಗೆ ಕೈ ಹಾಕಿ ನೂಕಿದ ಹಾಗೆ."

"ಅವಳೇ ನೂಕಿರ್ಬಹುದಲ್ಲ?" ಎಂದ ಹಿರಿಮಗ.

"ನೂಕೋಕೆ ಹಿಂದೆ ನಿಲ್ಬೇಕು. ಅಲ್ಲಿ ನನ್ನ ತಮ್ಮನ ಕೈಯೂ ಹೋಗಲಿಲ್ಲ. ಹಾಗಾದ್ರೆ ನೂಕಿದ್ದು ಕೋಣೆಯ ಒಳಗಿದ್ದೋರಲ್ಲ, ಈ ಕಡೆ ಇದ್ದದ್ದು ಯಾವುದೋ. ಈಗ ಒಂದು ಪ್ರಶ್ನೆ. ಈ ಪಿನ್ನನ್ನ ಅಂಚಿಗೆ ಸರಿಸಿದ್ರೆ ಏನಾಗುತ್ತೆ?"

"ಓಟ ಉದ್ದ ಆಗುತ್ತೆ," ಎಂದ ಪಾಲಿಶ್ ಅಣ್ಣ.

"ಎಲ್ಲಿಗೆ ಉದ್ದ ಆಗುತ್ತೆ?"

"ಮುಂದಕ್ಕೆ, ಗಾಜಿನ ಮೇಲೆ."

"ನೀವೇನಂತೀರಿ?"

"ಮುಂದಕ್ಕೇ," ಎಂದರು ಹಿರಿಮಗನೂ ಯಜಮಾನರೂ.

"ನೀವೆಲ್ಲ ಮೆಷಿನ್ನಿನ ಮುಂದೆ ನಿಂತು ಕೆಲಸ ಮಾಡೋ ಜನ. ಕಣ್ಣೆಲ್ಲ ಗಾಜಿನ ಮೇಲೆ. ಪಾಲಿಶ್ ಅಣ್ಣಾ, ಪಿನ್ನನ್ನ ಅಂಚಿಗೆ ಸರಿಸಿ ಬಿಗಿ ಮಾಡು. ಎಲ್ಲರೂ ತೋಳಿನ ಬಾಲ ನೋಡಿ. ಹಾಕು ಸ್ವಿಚ್ಚು."

ಮೆಷಿನ್ ಗದ್ದಲವೆಬ್ಬಿಸಿತು. ತೋಳು ಟೇಬಲ್ ಗಾಜಿನ ಆಚೆ ಅಂಚಿನವರೆಗೂ ಹೋಯಿತು, ಹಾಗೆಯೇ ವಾಪಸು ಬಂತು. ಬರುತ್ತ ಬರುತ್ತ ಅದರ ಬಾಲ ಯಾವಾಗಲೂ ನಿಲ್ಲುವ ಜಾಗ ದಾಟಿತು, ಆ ಗೇಣಿನ ಅಂತರ ದಾಟಿತು, ಟಾರ್ಪಾಲಿನ್ನನ್ನು ಗುದ್ದಿ ಆಚೆಗೆ ಉಬ್ಬಿಸಿತು. ತಮ್ಮನಿಗೆ ಕೇಳಿಸಿದ್ದು ಮೋಟರಿನ ಸದ್ದು ಮಾತ್ರ. ಸ್ವಿಚ್ಚು ಆರಿಸಿದ ಮೇಲೆ ಸೊಸೆ ಬೀಗ ತೆಗೆದಳು. ಹಲಗೆ ನೆಲದ ಮೇಲೆ ಬೋರಲು ಬಿದ್ದಿತ್ತು. ಟಾರ್ಪಾಲಿನ್ ಮತ್ತೆ ಬಿಗಿಯಾಗಿ, ಏನೂ ಆಗಿಲ್ಲವೆಂಬಂತೆ ನಿಂತಿತ್ತು.

"ಬಿದ್ದ ಸದ್ದೇ ಕೇಳಲಿಲ್ಲ!" ಎಂದ ತಮ್ಮ.

"ನಿನ್ನೆ ಓಡಿಸಿದೋರಿಗೂ ಕೇಳಿಲ್ಲ. ಚಕ್ರ ಪಕ್ಷಪಾತ ಮಾಡಲ್ಲ ನೋಡಿ. ಪಿನ್ನನ್ನ ಎಷ್ಟು ಹೊರಗೆ ತರ್ತೀರೋ, ತೋಳು ಮುಂದಕ್ಕೂ ಅಷ್ಟು ಹೆಚ್ಚು ಹೋಗುತ್ತೆ, ಹಿಂದಕ್ಕೂ ಅಷ್ಟೇ ಹೆಚ್ಚು ಬರುತ್ತೆ. ಸೀಳಿನ ಅಂಚಿನಲ್ಲಿ ನಟ್ಟು ಕೂತ ಹೊಸ ಗುರುತು ಬೆಳಿಗ್ಗೇನೇ ಹೊಳೀತಿತ್ತು. ಟಾರ್ಪಾಲಿನ್ ಮೇಲೆ, ಬಾಲದ ಎತ್ತರಕ್ಕೇ, ದುಂಡಗೆ ಗ್ರೀಸಿನ ಕಲೆ. ಉಣ್ಣೆಯ ಮೆತ್ತೆಯಲ್ಲಿ ತೇವ. ನಿನ್ನೆ ಮೆಷಿನ್ ಓಡಿದೆ, ಉದ್ದ ಓಟದಲ್ಲಿ ಓಡಿದೆ, ಆಮೇಲೆ ಯಾರೋ ಪಿನ್ನನ್ನ ಮೊದಲಿನ ಜಾಗಕ್ಕೆ ತಂದಿಟ್ಟು ಹೋಗಿದಾರೆ."

ಹಿರಿಮಗ ಪಾಲಿಶ್ ಅಣ್ಣನ ಕಡೆ ತಿರುಗಿದ. ಅವನು ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡ. "ನಾನಲ್ಲ ಸಾಮಿ! ಹಲ್ಲಿನ ಡಾಕ್ಟ್ರನ್ನ ಬೇಕಾದ್ರೆ ಕೇಳಿ. ಟೇಬಲ್ ಗಾಜನ್ನ ನಾನಿನ್ನೂ ಅರ್ಧಾನೇ ಉಜ್ಜಿದ್ದು!"

"ಹೌದು, ನೀನಲ್ಲ," ಎಂದಳು ಅಕ್ಕ. "ಆದ್ರೆ ಇನ್ನರ್ಧ ಯಾರು ಮಾಡಿದ್ದು? ಅದೂ ನಡುವೆ ಗೆರೆ ಇಲ್ದೆ, ಈ ಅಂಚಿಂದ ಆ ಅಂಚಿಗೆ ಒಂದೇ ಎಳೆತಕ್ಕೆ. ಇದು ಇಲ್ಲಿ ಗೋಡೆ ಇಲ್ಲದ ಕಾಲದ ಕೈ. ಟಾರ್ಪಾಲಿನ್ ಕಟ್ಟಿದ ಮೇಲೆ ಒಮ್ಮೆಯೂ ಮೆಷಿನ್ ಓಡಿಸದೋರು, ನಿನ್ನೆ ಮನೇಲಿ ಒಬ್ರೇ ಇದ್ದೋರು, ಹಳೇ ಅಭ್ಯಾಸದಲ್ಲಿ ಪಿನ್ನನ್ನ ಅಂಚಿಗೆ ಸರಿಸಿದಾರೆ. ಮುಖ ಕೈ ತೊಳ್ಕೊಂಡ್ರು, ಕಿವಿ ಹಿಂದೆ ಮರೆತ್ರು. ಕೆಂಪು ಪುಡಿ ಇವತ್ತು ಬೆಳಿಗ್ಗೆ ನಮ್ಮ ಟವೆಲಿಗೆ ಬಂತು."

ಎಲ್ಲರೂ ಯಜಮಾನರನ್ನು ನೋಡಿದರು. ಯಜಮಾನರು ತಮ್ಮ ಕಿವಿ ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದು ಕೂತರು.

"ಅಯ್ಯೋ," ಎಂದರು. "ಅಯ್ಯೋ, ನಾನಾ?"

"ಅಪ್ಪಾ?" ಎಂದ ಹಿರಿಮಗ.

"ಎಲ್ಲರೂ ಹೋಗಿದ್ರು ಕಣೋ. ಅರ್ಧ ಉಜ್ಜಿ ಬಿಟ್ಟಿದ್ದ ಗಾಜು ಕಣ್ಣಿಗೆ ಬಿತ್ತು. ಒಂದು ಸಲ, ಒಂದೇ ಒಂದು ಸಲ ಓಡಿಸೋಣ ಅನ್ನಿಸ್ತು. ಓಡಿಸಿದೆ ಅಂದ್ರೆ ಸೊಸೆ ಬೈತಾಳೆ ಅಂತ ಪಿನ್ ವಾಪಸ್ ಇಟ್ಟೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ದೇವರಾಣೆ ಗೊತ್ತಿರಲಿಲ್ಲಮ್ಮ. ನನ್ನ ಕೈಯಿಂದ ಆದದ್ದಕ್ಕೆ ನಿನ್ನ ಕೈಯಿಂದ ಕೀ ಕಸ್ಕೊಳ್ಳೋನಿದ್ದೆನಲ್ಲ!"

ಸೊಸೆ ನಿಧಾನಕ್ಕೆ ಮುಂದೆ ಬಂದಳು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಮನೆ ಹಾರಿಹೋಗುವ ಕೂಗು ಈಗ ಬಂತು ಎಂದುಕೊಂಡ.

"ಮಾತ್ರೆ ತಗೊಂಡಿದ್ರಾ?" ಎಂದಳು ಸೊಸೆ.

"ಹಾ?"

"ನಿನ್ನೆ, ಮೆಷಿನ್ ಓಡಿಸೋಕ್ಕಿಂತ ಮುಂಚೆ. ಮಧ್ಯಾಹ್ನದ ಮಾತ್ರೆ ತಗೊಂಡಿದ್ರಾ ಇಲ್ವಾ?"

"ತಗೊಂಡಿದ್ದೆ."

"ಎದೆ ನೋವು ಬಂತಾ?"

"ಇಲ್ಲಮ್ಮ. ನಿಜ ಹೇಳ್ಲಾ? ಹಗುರ ಆಯ್ತು."

ಆಗ ಅವಳು ಅತ್ತಳು. ನಿನ್ನೆಯಿಂದ ತಡೆದದ್ದೆಲ್ಲ ಒಟ್ಟಿಗೇ ಹೊರಬಂತು. ಅಳುತ್ತಲೇ ನಕ್ಕಳು. "ಕಳ್ಳ ಅಂದುಕೊಂಡೆ, ಬಾವನ ಹಗೆ ಅಂದುಕೊಂಡೆ, ರಾತ್ರಿಯೆಲ್ಲ ಯಾರ್ಯಾರನ್ನೋ ಶಪಿಸ್ತಾ ಕೂತಿದ್ದೆ. ಕೊನೆಗೆ ನೋಡಿದ್ರೆ ನಮ್ಮ ಮಾವ, ಸಕ್ಕರೆ ಕದ್ದ ಮಗು ಥರ!" ಅವಳ ಭುಜದಿಂದ ಒಂದು ಮೂಟೆ ಇಳಿದದ್ದು ತಮ್ಮನಿಗೆ ಕಣ್ಣಾರೆ ಕಂಡಿತು.

ಹಿರಿಮಗ ಅವಳ ಮುಂದೆ ಬಂದು ನಿಂತ. "ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತಮ್ಮ. ರೈಲ್ವೆಯೋರಿಗೆ ನಾನೇ ಹೇಳ್ತೀನಿ, ನಮ್ಮ ಮೆಷಿನ್ನಿಂದಲೇ ಒಡೀತು, ಇನ್ನೊಂದು ಮಾಡಿಕೊಡ್ತೀವಿ ಅಂತ. ಆ ಹೆಸರಿನ ವಿಷಯ... ಮೂಲೇಲಿ ಜಾಗ ಬಿಡು. ನಿನ್ನದೇ ಹಾಕು."

"ಮೊದಲು ಸ್ಟ್ಯಾಂಡನ್ನ ಎದುರಿನ ಗೋಡೆಗೆ ಹಾಕಿಸಿ ಬಾವ. ಹೆಸರು ಆಮೇಲೆ," ಎಂದು ಅವಳು ಕಣ್ಣೊರೆಸಿಕೊಂಡಳು.

ಅಕ್ಕ ಟಾರ್ಚನ್ನು ಚೀಲಕ್ಕೆ ಹಾಕಿಕೊಂಡಳು. ತಮ್ಮನಿಗೆ ಅಂಗಡಿ ನೆನಪಾಯಿತು. ಇಬ್ಬರೂ ಬಾಗಿಲ ಕಡೆ ಹೊರಟಾಗ ಹಿಂದೆ ಯಜಮಾನರು ಸೊಸೆಯನ್ನು ಪರೀಕ್ಷೆ ಬರೆದ ಹುಡುಗನ ದನಿಯಲ್ಲಿ ಕೇಳಿದರು:

"ಅಲ್ಲಮ್ಮಾ, ಆ ಟೇಬಲ್ ಗಾಜು... ಹೇಗೆ ಬಂದಿದೆ?"

ಸೊಸೆ ಮೇಜಿನ ಹತ್ತಿರ ಹೋದಳು. ಬಗ್ಗಿ, ಕಿಟಕಿಯ ಬೆಳಕಿಗೆ ಕಣ್ಣು ಓರೆ ಮಾಡಿ, ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಪಾಲಿಶ್ ಅಣ್ಣನೂ ಊದಿದ ಕೆನ್ನೆಯೊಂದಿಗೆ ಅವಳ ಪಕ್ಕ ಬಗ್ಗಿದ. ಗಾಜು ಮಳೆ ನಿಂತ ಮೇಲಿನ ಆಕಾಶದ ಹಾಗಿತ್ತು.

"ತುಂಬ ಚೆನ್ನಾಗಿ ಬಂದಿದೆ ಮಾವ," ಎಂದಳು ಅವಳು. "ಅದಕ್ಕೇ ನನಗೆ ಇಷ್ಟು ಕೋಪ ಬರ್ತಿರೋದು."